ಆಟೋ ಉರುಳಿದ ಮೇಲೆ ಆಸ್ಪತ್ರೆಯ ಚೀಟಿಯಲ್ಲಿ ಏನು ಬರೆಸಿದಿರಿ?

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಸುಮಾರು 14 ಕಿಲೋಮೀಟರ್. ಬೆಳಗಾದರೆ ಈ ದಾರಿಯಲ್ಲಿ ಬಸ್ಸು, ಟೆಂಪೋ, ಆಪೆ ಆಟೋ, ಪರಿಚಯದವರ ಕಾರು, ಯಾರದೋ ಬೈಕಿನ ಹಿಂದಿನ ಸೀಟು, ಹೀಗೆ ಸಿಕ್ಕಿದ್ದನ್ನು ಹತ್ತಿ ಜನ ಕೆಲಸಕ್ಕೆ ಹೋಗುತ್ತಾರೆ. ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡುವ ಸವಾರಿ ಈಚೆಗೆ ಬಂದದ್ದು. ಆದರೆ ಸೀಟಿನ ಲೆಕ್ಕದಲ್ಲಿ ದುಡ್ಡು ಕೊಟ್ಟು, ಗುರುತಿಲ್ಲದವರ ಜೊತೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಹೋಗುವುದನ್ನು ನಮ್ಮ ಊರುಗಳು ಆ್ಯಪ್ ಹುಟ್ಟುವುದಕ್ಕೆ ಬಹಳ ಮೊದಲೇ ಕಲಿತಿದ್ದವು. ಹಾಗೆ ಹೋಗುವಾಗ ವಾಹನ ಉರುಳಿದರೆ, ಇನ್ನೊಂದು ವಾಹನ ಬಂದು ಗುದ್ದಿದರೆ ಗಾಯಾಳುವಿನ ಹಕ್ಕೇನು, ಚಿಕಿತ್ಸೆಯ ಖರ್ಚು ಯಾರದು, ಮುರಿದ ಕೈಗೆ ಪರಿಹಾರ ಯಾರು ಕೊಡಬೇಕು ಎಂಬುದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಆರೋಗ್ಯದ ಪುಟದಲ್ಲಿ ಕಾನೂನಿನ ಮಾತೇಕೆ ಎಂದು ಕೇಳಬಹುದು. ಕಾರಣವಿದೆ. ಪರಿಹಾರದ ಕೇಸು ಗೆಲ್ಲುವುದೂ ಸೋಲುವುದೂ ಬಹಳ ಸಲ ತೀರ್ಮಾನವಾಗುವುದು ಕೋರ್ಟಿನಲ್ಲಲ್ಲ, ಆಸ್ಪತ್ರೆಯ ತುರ್ತು ವಿಭಾಗದ ಮೇಜಿನ ಮುಂದೆ. ಅಲ್ಲಿ ಕೂತ ವೈದ್ಯರು ಅಥವಾ ಸಿಬ್ಬಂದಿ “ಏನಾಯ್ತು?” ಎಂದು ಕೇಳುತ್ತಾರೆ. ಜೊತೆಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಟೋದವನು ನಮ್ಮ ಮೊಹಲ್ಲಾದ ಹುಡುಗನೇ. ಪೊಲೀಸ್ ಗೀಲೀಸ್ ಯಾಕೆ? “ಮೆಟ್ಟಿಲ ಮೇಲಿಂದ ಬಿದ್ರು ಅಂತ ಬರ್ಕೊಳ್ಳಿ ಸರ್” ಎನ್ನುತ್ತಾರೆ. ಚೀಟಿಯಲ್ಲಿ ಹಾಗೇ ಬರೆಯಲಾಗುತ್ತದೆ. ಎರಡು ತಿಂಗಳ ನಂತರ ಕಾಲಿಗೆ ಹಾಕಿದ ರಾಡಿನ ಖರ್ಚು ಲಕ್ಷ ದಾಟಿ, ಮನೆಯ ಒಡವೆ ಅಡವಿಟ್ಟು, ಪರಿಹಾರ ಕೇಳೋಣ ಎಂದು ವಕೀಲರ ಬಳಿ ಹೋದರೆ, ವಿಮಾ ಕಂಪನಿಯ ವಕೀಲರ ಕೈಯಲ್ಲಿ ಅದೇ ಚೀಟಿ ಇರುತ್ತದೆ. ಮೆಟ್ಟಿಲಿನಿಂದ ಬಿದ್ದವರಿಗೆ ಮೋಟಾರು ವಿಮೆ ಏಕೆ ಕೊಡಬೇಕು? ಅವರ ಪ್ರಶ್ನೆ ತಪ್ಪೇನಲ್ಲ.

ಆದ್ದರಿಂದ ಮೊದಲ ಮಾತು: ರಸ್ತೆ ಅಪಘಾತವಾದರೆ ರಸ್ತೆ ಅಪಘಾತ ಎಂದೇ ಹೇಳಿ. ಯಾವ ವಾಹನ, ಎಲ್ಲಿ, ಎಷ್ಟು ಗಂಟೆಗೆ ಎಂಬುದನ್ನೂ ಹೇಳಿ. ವಾಹನದ ನಂಬರ್ ಗೊತ್ತಿದ್ದರೆ ಅದನ್ನೂ ಬರೆಸಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಿರಲಿ, ಹರಿಹರದ ತಾಲ್ಲೂಕು ಆಸ್ಪತ್ರೆಯಿರಲಿ, ಬಾಪೂಜಿ ಅಥವಾ ಎಸ್‌.ಎಸ್‌. ಆಸ್ಪತ್ರೆಯಿರಲಿ, ಅಪಘಾತದ ಗಾಯ ಎಂದು ತಿಳಿದರೆ ಅದನ್ನು ಎಂಎಲ್‌ಸಿ ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಮುಂದೆ ಸಿಗುವ ಗಾಯದ ಪ್ರಮಾಣಪತ್ರಕ್ಕೆ ಈ ದಾಖಲೆಯೇ ಬುನಾದಿ. ಎಂಎಲ್‌ಸಿ ಎಂದ ಕೂಡಲೇ ಗಾಯಾಳುವಿನ ಮೇಲೆ ಕೇಸು ಬಿತ್ತು ಎಂದು ಹೆದರುವವರಿದ್ದಾರೆ. ಹಾಗೇನೂ ಇಲ್ಲ.

ಮೊದಲ ಒಂದು ಗಂಟೆ

ಕಾಗದದ ಮಾತಿಗಿಂತ ಮೊದಲು ಜೀವ. ಅಪಘಾತವಾದ ಕೂಡಲೇ ನಮ್ಮ ಜನ ಓಡಿ ಬಂದು ಮಾಡುವ ಮೊದಲ ಕೆಲಸ ಗಾಯಾಳುವನ್ನು ಎತ್ತಿ ಕೂರಿಸಿ ಬಾಯಿಗೆ ನೀರು ಹಾಕುವುದು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಅರೆಪ್ರಜ್ಞೆಯಲ್ಲಿದ್ದವರಿಗೆ ಕುಡಿಸಿದ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ಖಾಲಿಯಿರುವುದೂ ಮುಖ್ಯ. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾಗಿರಬಹುದು ಅನಿಸಿದರೆ ಕೈಕಾಲು ಹಿಡಿದು ಎಳೆಯಬೇಡಿ. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕು ಜನ ಸೇರಿ ಒಟ್ಟಿಗೆ ಎತ್ತಿ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಒತ್ತಿ ಹಿಡಿಯಿರಿ. ದುಪಟ್ಟಾ ಆದರೂ ಸರಿ. ಗಾಯಕ್ಕೆ ಕಾಫಿ ಪುಡಿ, ಅರಿಶಿನ, ಟೂತ್‌ಪೇಸ್ಟ್ ತುಂಬಬೇಡಿ. ಆಸ್ಪತ್ರೆಯಲ್ಲಿ ಅದನ್ನು ತೆಗೆಯುವಾಗ ರೋಗಿಗೆ ಇಮ್ಮಡಿ ಸಂಕಟ, ಸೋಂಕಿನ ಭಯ ಬೇರೆ. ತರಚು ಗಾಯವಾದರೆ ಹರಿಯುವ ನೀರು, ಸೋಪು ಸಾಕು. ಧನುರ್ವಾಯು ತಡೆಯುವ ಟಿಟಿ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ತಲೆಗೆ ಪೆಟ್ಟಾದವರು ಎದ್ದು ಓಡಾಡಿ “ನನಗೇನೂ ಆಗಿಲ್ಲ” ಎಂದರೂ ನಂಬಬೇಡಿ. ಮುಂದಿನ ಒಂದೆರಡು ದಿನ ಮನೆಯವರು ಕಣ್ಣಿಟ್ಟಿರಬೇಕು. ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ತೂಕಡಿಕೆ, ಮಾತು ತೊದಲುವುದು, ಒಂದು ಕೈ ಸೋತಂತಾಗುವುದು, ಹೆಚ್ಚುತ್ತಲೇ ಹೋಗುವ ತಲೆನೋವು, ಕಿವಿ ಅಥವಾ ಮೂಗಿನಲ್ಲಿ ರಕ್ತ ಅಥವಾ ನೀರು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಓಡಿ.

ಮೂಳೆ ಮುರಿದಾಗ ಪಟ್ಟಿ ಕಟ್ಟುವವರ ಬಳಿ ಹೋಗುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಇದೆ. ಎಕ್ಸ್‌ರೇ ಇಲ್ಲದೆ ಕಟ್ಟಿದ ಮೂಳೆ ವಕ್ರವಾಗಿ ಕೂಡಬಹುದು ಎಂಬುದು ಒಂದು ಮಾತು. ಅಲ್ಲಿ ದಿನಾಂಕವಿರುವ ಒಂದು ಚೀಟಿಯೂ ಸಿಗುವುದಿಲ್ಲ ಎಂಬುದು ಇನ್ನೊಂದು. ಕಾನೂನು ಮೂಳೆ ಮುರಿತವನ್ನು ‘ತೀವ್ರ ಗಾಯ’ ಎಂದು ಎಣಿಸುತ್ತದೆ. ಒಂದು ಹಲ್ಲು ಮುರಿದರೂ ಅದು ತೀವ್ರ ಗಾಯವೇ. ಆದರೆ ಅದಕ್ಕೆ ಎಕ್ಸ್‌ರೇ ಮತ್ತು ವೈದ್ಯರ ಸಹಿ ಬೇಕು.

ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಕೋರ್ಟು ಅಲೆಯಬೇಕಾಗುತ್ತದೆ ಎಂಬ ಹಳೆಯ ಭಯವನ್ನು ಬಿಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134-ಎ ಕಲಂ ನೆರವಿಗೆ ಬಂದವರನ್ನು ರಕ್ಷಿಸುತ್ತದೆ. ನಮ್ಮ ರಾಜ್ಯ ಅದಕ್ಕೂ ಮೊದಲೇ, 2016ರಲ್ಲಿ, ಇಂಥ ಪರೋಪಕಾರಿಗಳಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತ್ತು. ಹೆಸರು ಹೇಳಲೇಬೇಕೆಂಬ ಒತ್ತಾಯ ಇಲ್ಲ. ಇನ್ನು ಆಸ್ಪತ್ರೆಯವರು ಪೊಲೀಸರು ಬರಲಿ, ಆಮೇಲೆ ನೋಡೋಣ ಎನ್ನುವಂತಿಲ್ಲ; ಜೀವ ಉಳಿಸುವುದು ಮೊದಲು, ಕಾನೂನಿನ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಸರ್ಕಾರಿ ಆಸ್ಪತ್ರೆಗೂ ಖಾಸಗಿ ವೈದ್ಯರಿಗೂ ಅದು ಅನ್ವಯ.

ಆಸ್ಪತ್ರೆಯ ಬಿಲ್ಲು

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹವೇ ತುಂಡಾದ ಹರೀಶ್ ಎಂಬ ಯುವಕ ಸಾಯುವ ಮುನ್ನ ತನ್ನ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡದ್ದು ಹಲವರಿಗೆ ನೆನಪಿರಬಹುದು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಕೊಡುವ ಯೋಜನೆ ತಂದಿತು. ಅದು 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಯಿತು.

ಈಗ ಕೇಂದ್ರ ಸರ್ಕಾರದ್ದೇ ಒಂದು ಯೋಜನೆ ಇದೆ, 2025ರ ಮೇ ತಿಂಗಳಲ್ಲಿ ಅಧಿಸೂಚನೆಯಾದದ್ದು. ಮೋಟಾರು ವಾಹನದಿಂದ ಯಾವುದೇ ರಸ್ತೆಯಲ್ಲಿ ಗಾಯಗೊಂಡವರಿಗೆ, ಅಪಘಾತದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ಮೀರದಂತೆ ನಗದುರಹಿತ ಚಿಕಿತ್ಸೆ. ವಾಹನಕ್ಕೆ ವಿಮೆ ಇತ್ತೇ, ತಪ್ಪು ಯಾರದು, ಗಾಯಾಳುವಿಗೆ ಬಿಪಿಎಲ್ ಕಾರ್ಡ್ ಇದೆಯೇ ಎಂದು ನೋಡುವುದಿಲ್ಲ. ಎರಡು ಷರತ್ತುಗಳನ್ನು ನೆನಪಿಡಿ: ಯೋಜನೆಗೆ ಸೇರಿದ ಆಸ್ಪತ್ರೆಯಾಗಿರಬೇಕು, ಮತ್ತು ಇದು ಅಪಘಾತ ಹೌದು ಎಂದು ಪೊಲೀಸರು ದೃಢಪಡಿಸಬೇಕು. ‘ಮೆಟ್ಟಿಲಿನಿಂದ ಬಿದ್ದರು’ ಎಂದು ಬರೆಸಿದವರು ಈ ಒಂದೂವರೆ ಲಕ್ಷವನ್ನೂ ಬಾಗಿಲಲ್ಲೇ ಬಿಟ್ಟ ಹಾಗೆ. 112ಕ್ಕೆ ಕರೆ ಮಾಡಿದರೆ ಪೊಲೀಸರಿಗೂ ತಿಳಿಯುತ್ತದೆ, ಹತ್ತಿರದ ಯಾವ ಆಸ್ಪತ್ರೆ ಯೋಜನೆಯಲ್ಲಿದೆ ಎಂಬುದನ್ನೂ ಕೇಳಬಹುದು. ಏಳು ದಿನಗಳ ನಂತರದ ಚಿಕಿತ್ಸೆಗೆ, ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಅವಕಾಶವಿದೆ.

ಇನ್ನೊಂದು ಸಣ್ಣ ವಿಷಯ. ಬ್ಯಾಂಕ್ ಪಾಸ್‌ಬುಕ್ ತೆಗೆದು ಮೇ ಕೊನೆ ಅಥವಾ ಜೂನ್ ಹೊತ್ತಿಗೆ 20 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. 18ರಿಂದ 70 ವಯಸ್ಸಿನವರಿಗೆ ಅಪಘಾತದಲ್ಲಿ ಮರಣವಾದರೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ-ಕಾಲು ಪೂರ್ತಿ ಹೋದರೆ 1 ಲಕ್ಷ. ಖಾತೆಯಲ್ಲಿ ಹಣ ಹೋಗಿರುವುದೇ ಗೊತ್ತಿಲ್ಲದೆ ಎಷ್ಟೋ ಮನೆಯವರು ಇದನ್ನು ಕೇಳುವುದೇ ಇಲ್ಲ.

ನೀವು ಕೂತದ್ದು ಯಾವ ವಾಹನ?

ಪರಿಹಾರ ಕೊಡುವವರು ಯಾರು ಎಂಬುದು ಇದರ ಮೇಲೆ ನಿಂತಿದೆ. ನಂಬರ್ ಪ್ಲೇಟಿನ ಬಣ್ಣ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹಳದಿ ಪ್ಲೇಟಿನ ಆಟೋ, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಬಾಡಿಗೆಗೆಂದೇ ನೋಂದಣಿಯಾದವು. ಇವುಗಳಿಗೆ ಕಡ್ಡಾಯವಾಗಿ ಮಾಡಿಸುವ ಥರ್ಡ್ ಪಾರ್ಟಿ ವಿಮೆಯಲ್ಲೇ ಪ್ರಯಾಣಿಕರೂ ಸೇರಿದ್ದಾರೆ. ಆ್ಯಪ್ ಮೂಲಕ ಕರೆಸಿದ ಕ್ಯಾಬ್ ಆದರೂ, ಸ್ಟ್ಯಾಂಡಿನಲ್ಲಿ ಹತ್ತಿದ ಆಟೋ ಆದರೂ ಈ ಹಕ್ಕು ಒಂದೇ. ಆ್ಯಪ್ ಕಂಪನಿ ತನ್ನ ಷರತ್ತುಗಳಲ್ಲಿ ಪ್ರಯಾಣಿಕರಿಗೆ ಬೇರೆ ಅಪಘಾತ ವಿಮೆ ಹೇಳಿದ್ದರೆ ಅದು ಇದಕ್ಕೆ ಹೆಚ್ಚುವರಿ. ಅದಕ್ಕಾಗಿ ಸವಾರಿಯ ಬಿಲ್ಲು, ಟ್ರಿಪ್ ನಂಬರ್, ಚಾಲಕನ ವಿವರವಿರುವ ಪರದೆಯ ಸ್ಕ್ರೀನ್‌ಶಾಟ್ ಅಂದೇ ತೆಗೆದಿಡಿ. ಆ್ಯಪ್‌ನಲ್ಲಿ ದೂರು ಕೊಟ್ಟದ್ದು ಪೊಲೀಸ್ ದೂರಿಗೆ ಸಮವಲ್ಲ.

ಬಿಳಿ ಪ್ಲೇಟಿನ ಕಾರಿನ ಕಥೆ ಬೇರೆ. ಬೆಂಗಳೂರಿಗೆ ಹೊರಟ ಯಾರದೋ ಸ್ವಂತ ಕಾರಿನಲ್ಲಿ ಪೆಟ್ರೋಲಿಗೆ ಇಷ್ಟು ಎಂದು ಕೊಟ್ಟು ಹೋಗುವುದು ಈಗ ಸಾಮಾನ್ಯ. ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಒಳಗೆ ಕೂತವರು ಅದರಲ್ಲಿ ಬರುವುದಿಲ್ಲ. ಪ್ಯಾಕೇಜ್ ವಿಮೆ ಇದ್ದರೆ ಬರುತ್ತಾರೆ. ಬೈಕಿನ ಹಿಂದೆ ಕೂತವರಿಗೂ ಇದೇ ಲೆಕ್ಕ. ಬರೀ ಥರ್ಡ್ ಪಾರ್ಟಿ ಇದ್ದ ಬೈಕಿನ ಹಿಂಬದಿ ಸವಾರರಿಗೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಬಿಳಿ ಪ್ಲೇಟಿನಲ್ಲಿ ಬಾಡಿಗೆ ಹೊಡೆದರೆ ‘ವಿಮೆಯ ಷರತ್ತು ಮುರಿದಿದ್ದಾರೆ’ ಎಂದು ಕಂಪನಿ ಜಗಳಕ್ಕೆ ನಿಲ್ಲುತ್ತದೆ. ಬೈಕ್ ಟ್ಯಾಕ್ಸಿ ಹತ್ತುವವರು ಇದನ್ನು ಯೋಚಿಸಬೇಕು. ಎದುರಿನ ವಾಹನದ ತಪ್ಪಾಗಿದ್ದರೆ ಮಾತ್ರ ಚಿಂತೆಯಿಲ್ಲ. ಆ ವಾಹನದ ವಿಮೆಗೆ ನೀವು ಮೂರನೆಯವರು, ನೀವು ಏನರ ಮೇಲೆ ಕೂತಿದ್ದಿರಿ ಎಂಬುದು ಅಲ್ಲಿ ಅಡ್ಡಿಯಾಗುವುದಿಲ್ಲ.

ಅತ್ಯಂತ ಕೆಟ್ಟ ಸ್ಥಿತಿ ಲಗೇಜ್ ವಾಹನದ್ದು. ನಿಕಾಹ್‌ಗೆ, ವಲೀಮಾಕ್ಕೆ, ಉರುಸಿಗೆ ಹೋಗುವಾಗ ಟಾಟಾ ಏಸ್‌ನ ಹಿಂದೆ ಚಾಪೆ ಹಾಸಿ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ಯಾರು ನೋಡಿಲ್ಲ? ಸರಕು ಸಾಗಿಸುವ ವಾಹನದಲ್ಲಿ ಸುಮ್ಮನೆ ಕೂತು ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂಬುದು 2003ರಿಂದ ಸ್ಥಿರವಾದ ಕಾನೂನು. ಬಾಡಿಗೆಯಲ್ಲಿ ಉಳಿಸಿದ ಐನೂರು ರೂಪಾಯಿಗೆ ಇಡೀ ದಿಬ್ಬಣವೇ ವಿಮೆಯ ಹೊರಗೆ ಕೂತಿರುತ್ತದೆ.

ಮೂರು ಸೀಟಿನಲ್ಲಿ ಎಂಟು ಜನ

ನಮ್ಮ ದಾರಿಯ ನಿಜವಾದ ತೊಡಕು ಇದು. ಆಟೋದ ವಿಮೆಯಲ್ಲಿ ಮೂರು ಪ್ರಯಾಣಿಕರು ಎಂದಿರುತ್ತದೆ. ಒಳಗೆ ಎಂಟು ಜನ, ಚಾಲಕನ ಎರಡೂ ಪಕ್ಕ ಒಬ್ಬೊಬ್ಬರು. ಆಟೋ ಉರುಳಿ ಎಲ್ಲರಿಗೂ ಪೆಟ್ಟಾದರೆ? ಹಿಮಾಚಲ ಪ್ರದೇಶದ ತುಂಬಿ ತುಳುಕಿದ ಬಸ್ಸೊಂದರ ಪ್ರಕರಣದಲ್ಲಿ, ಅಂಜನಾ ಶ್ಯಾಂ ಪ್ರಕರಣ ಎಂದು ವಕೀಲರು ಕರೆಯುವ 2007ರ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಇದಕ್ಕೆ ಒಂದು ಲೆಕ್ಕ ಹಾಕಿಕೊಟ್ಟಿತು. ವಿಮೆಯಲ್ಲಿ ಎಷ್ಟು ಜನರ ಲೆಕ್ಕವಿದೆಯೋ ಅಷ್ಟಕ್ಕೆ ಮಾತ್ರ ಕಂಪನಿ ಹೊಣೆ. ಆದರೆ ಮೊದಲು ಹತ್ತಿದ ಮೂವರಿಗೆ ಕೊಡುವುದಲ್ಲ. ಎಲ್ಲ ಎಂಟು ಜನರ ಪರಿಹಾರ ನಿಗದಿಯಾದ ಮೇಲೆ ಅವುಗಳಲ್ಲಿ ದೊಡ್ಡ ಮೂರು ಮೊತ್ತಗಳನ್ನು ಕೂಡಿಸಿ, ಅಷ್ಟನ್ನು ಕಂಪನಿ ಕಟ್ಟಬೇಕು. ಅದನ್ನು ಎಂಟೂ ಜನರಿಗೆ ಅವರವರ ಪ್ರಮಾಣದಂತೆ ಹಂಚಬೇಕು. ಉಳಿದದ್ದನ್ನು ಆಟೋ ಮಾಲೀಕನಿಂದ ಪಡೆಯಬೇಕು.

ಉದಾಹರಣೆಗೆ, ದೊಡ್ಡ ಮೂರು ಮೊತ್ತ 5, 4 ಮತ್ತು 3 ಲಕ್ಷ, ಕೂಡಿದರೆ 12. ಎಂಟೂ ಜನರದು ಸೇರಿ 24 ಲಕ್ಷ. ಆಗ ಪ್ರತಿಯೊಬ್ಬರಿಗೂ ಕಂಪನಿಯಿಂದ ಬರುವುದು ಅರ್ಧ. 2 ಲಕ್ಷ ತೀರ್ಪಾದ ಹೆಣ್ಣುಮಗಳಿಗೆ 1 ಲಕ್ಷ ಕೈಗೆ ಬರುತ್ತದೆ, ಇನ್ನೊಂದು ಲಕ್ಷಕ್ಕೆ ಆಟೋ ಮಾಲೀಕನ ಹಿಂದೆ ಹೋಗಬೇಕು. ಅವನೂ ಬಡ್ಡಿಗೆ ಸಾಲ ಮಾಡಿ ಆಟೋ ತೆಗೆದವನು. ಅವನಲ್ಲಿ ಏನಿರುತ್ತದೆ? ಇದನ್ನು ಓದಿದ ಮೇಲೆ ನಾಲ್ಕನೆಯವರಾಗಿ ಹತ್ತುವ ಮುಂಚೆ ಒಂದು ಕ್ಷಣ ನಿಲ್ಲಿ. ಮುಂದಿನ ಬಸ್ಸು ಬರುತ್ತದೆ. ಹೆಂಗಸರಿಗೆ ಅದು ಉಚಿತವೂ ಹೌದು. ಆ ಶೂನ್ಯ ಟಿಕೆಟ್ಟನ್ನು ಎಸೆಯಬೇಡಿ, ನೀವು ಬಸ್ಸಿನಲ್ಲಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ.

ಚಾಲಕನ ಬಳಿ ಪರ್ಮಿಟ್ ಇರಲಿಲ್ಲ, ಲೈಸೆನ್ಸ್ ಸರಿಯಿರಲಿಲ್ಲ ಎಂದು ತಿಳಿದರೆ ಎದೆಗುಂದಬೇಡಿ. ಇಂಥ ಕಡೆ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುತ್ತವೆ. 2004ರ ಸ್ವರಣ್ ಸಿಂಗ್ ಪ್ರಕರಣದಿಂದ ಈ ದಾರಿ ಗಟ್ಟಿಯಾಗಿದೆ. ಆಟೋ ಓಡಿಸುವವರಿಗೂ ಒಂದು ಸಮಾಧಾನ: ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಬಾಡಿಗೆ ವಾಹನವನ್ನೂ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ವಾಹನದ ವಿಮೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಯಾರು ಬೇಕಾದರೂ ನೋಡಬಹುದು.

ಎರಡು ವಾಹನಗಳು ಗುದ್ದಿಕೊಂಡಾಗ

2021ರ ಜನವರಿ 15ರ ಬೆಳಗ್ಗೆ ದಾವಣಗೆರೆ ಮರೆಯುವಂಥದ್ದಲ್ಲ. ಗೋವಾಕ್ಕೆ ಹೊರಟಿದ್ದ ಇಲ್ಲಿನ ಗೆಳತಿಯರ ತಂಡದ ಟೆಂಪೋ ಟ್ರಾವೆಲರ್ ಧಾರವಾಡದ ಇಟ್ಟಿಗಟ್ಟಿ ಬಳಿ ಟಿಪ್ಪರ್‌ಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಹೀಗೆ ಎರಡು ವಾಹನ ಗುದ್ದಿಕೊಂಡಾಗ ಯಾರದು ಎಷ್ಟು ತಪ್ಪು ಎಂದು ತೋರಿಸುವ ಹೊರೆ ಒಳಗೆ ಕೂತ ಪ್ರಯಾಣಿಕರ ತಲೆಯ ಮೇಲೆ ಬರುವುದಿಲ್ಲ. ಎರಡೂ ಕಡೆ ತಪ್ಪಿದ್ದರೆ ಗಾಯಾಳು ಎರಡರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಪಡೆಯಬಹುದು, ಅವರು ಆಮೇಲೆ ತಮ್ಮೊಳಗೆ ಹಂಚಿಕೊಳ್ಳಲಿ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಹಾಗಾಗಿ ಅರ್ಜಿಯಲ್ಲಿ ಎರಡೂ ವಾಹನಗಳ ಮಾಲೀಕರನ್ನೂ ಎರಡೂ ವಿಮಾ ಕಂಪನಿಗಳನ್ನೂ ಸೇರಿಸುವುದು ಒಳ್ಳೆಯದು.

ಗುದ್ದಿ ಓಡಿಹೋದ ವಾಹನ ಸಿಗಲೇ ಇಲ್ಲವೆಂದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಅದಕ್ಕೆ ಕೋರ್ಟಿಗಲ್ಲ, ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ ಅರ್ಜಿ. ಮಂಜೂರಾಗುವುದು ಜಿಲ್ಲಾಧಿಕಾರಿ ಹಂತದಲ್ಲಿ. ಎಫ್‌ಐಆರ್ ಪ್ರತಿಯನ್ನು ಹಿಡಿದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಆರು ತಿಂಗಳು

ಪರಿಹಾರದ ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸಿಸುವ ಊರಿನದ್ದಾದರೂ ಆಗುತ್ತದೆ. ಹರಿಹರದ ಸೇತುವೆ ದಾಟಿ ಕುಮಾರಪಟ್ಟಣದ ಕಡೆ ಅಪಘಾತವಾದರೆ ಅದು ಹಾವೇರಿ ಜಿಲ್ಲೆ. ಪೊಲೀಸ್ ಕೇಸು ಅಲ್ಲಿ ನಡೆದರೂ ಪರಿಹಾರದ ಅರ್ಜಿಯನ್ನು ನೀವು ಇಲ್ಲೇ ಹಾಕಬಹುದು. ಎಫ್‌ಐಆರ್‌ಗೆ ಬಂದವರನ್ನು ‘ಇದು ನಮ್ಮ ಠಾಣೆಗೆ ಬರುವುದಿಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಲು ಸ್ಪಷ್ಟ ಅವಕಾಶವಿದೆ.

ಅವಧಿ ಆರು ತಿಂಗಳು. 2019ರ ತಿದ್ದುಪಡಿ ತಂದ ಈ ಗಡುವು 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದು, ತಡವಾಯಿತು ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವಾಗಿದೆ. ಮಧ್ಯಂತರ ಆದೇಶವನ್ನು ನಂಬಿ ಕೂರಬೇಡಿ. ಪ್ಲಾಸ್ಟರ್ ಬಿಚ್ಚುವುದಕ್ಕೆ ಮುಂಚೆಯೇ ಅರ್ಜಿ ಹಾಕಿದರೆ ನಷ್ಟವೇನಿಲ್ಲ.

2022ರ ನಿಯಮಗಳ ಪ್ರಕಾರ ಪೊಲೀಸರೇ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನಗಳೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಗಾಯಾಳುವಿನ ಹಕ್ಕುಗಳನ್ನು ತಿಳಿಸುವ ಒಂದು ನಮೂನೆಯನ್ನು 10 ದಿನಗಳೊಳಗೆ ನಿಮ್ಮ ಕೈಗೇ ಕೊಡಬೇಕು. ಕೊಡದಿದ್ದರೆ ಕೇಳಿ. ವಿಮಾ ಕಂಪನಿ ತಾನಾಗಿ ಒಂದು ಮೊತ್ತ ಮುಂದಿಟ್ಟರೆ ಒಪ್ಪಲೇಬೇಕೆಂದಿಲ್ಲ. ಬೇಡವೆಂದರೆ ವಿಚಾರಣೆ ಮುಂದುವರಿಯುತ್ತದೆ.

ಕೈ ಸೋತರೆ ಎಷ್ಟು?

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ 34 ವರ್ಷದ ಹೆಣ್ಣುಮಗಳೊಬ್ಬರ ಬಲಗೈ ಮುರಿದು, ಕೂಡಿದರೂ ಮೊದಲಿನಂತೆ ಎತ್ತಲಾಗುತ್ತಿಲ್ಲ ಎಂದು ಊಹಿಸಿ. ವೈದ್ಯರು ಒಂದು ಅಂಗದ ಊನ ಇಷ್ಟು ಶೇಕಡಾ ಎನ್ನುತ್ತಾರೆ. ನ್ಯಾಯಮಂಡಳಿ ನೋಡಬೇಕಾದದ್ದು ಆ ಅಂಕಿಯನ್ನಲ್ಲ, ಆ ಊನದಿಂದ ಈಕೆಯ ದುಡಿಮೆ ಎಷ್ಟು ಕುಗ್ಗಿತು ಎಂಬುದನ್ನು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಬಿಡಿಸಿ ಹೇಳಿತು. ಗುಮಾಸ್ತನಿಗೆ ಕಾಲು ಕುಂಟಾದದ್ದಕ್ಕೂ ಮೂಟೆ ಹೊರುವವನಿಗೆ ಕಾಲು ಕುಂಟಾದದ್ದಕ್ಕೂ ವ್ಯತ್ಯಾಸವಿದೆಯಲ್ಲ. ದುಡಿಮೆ ಶೇ. 20 ಕುಗ್ಗಿತು, ಆದಾಯ ತಿಂಗಳಿಗೆ 12,000 ಎಂದು ಹಿಡಿಯೋಣ. ವರ್ಷಕ್ಕೆ 1,44,000. ವಯಸ್ಸು 40ರ ಒಳಗಿದ್ದು ಸ್ವಂತ ದುಡಿಮೆಯಾದ್ದರಿಂದ ಮುಂದಿನ ಏಳಿಗೆಗೆಂದು ಶೇ. 40 ಸೇರಿಸಿದರೆ 2,01,600. 31ರಿಂದ 35 ವಯಸ್ಸಿನವರಿಗೆ ಗುಣಕ 16. ಗುಣಿಸಿದರೆ 32,25,600. ಅದರ ಶೇ. 20 ಎಂದರೆ 6,45,120 ರೂಪಾಯಿ. ಚಿಕಿತ್ಸೆಯ ಖರ್ಚು, ನೋವಿಗೆ, ಮಲಗಿದ್ದ ತಿಂಗಳುಗಳ ಕೂಲಿ, ನೋಡಿಕೊಂಡವರ ಖರ್ಚು, ಆಸ್ಪತ್ರೆಗೆ ಓಡಾಡಿದ ಆಟೋ ಬಾಡಿಗೆ ಇವೆಲ್ಲ ಇದರ ಮೇಲೆ ಬೇರೆ.

ಇದೇ ಹೆಣ್ಣುಮಗಳ ಮನೆಯವರು ಠಾಣೆಯ ಹೊರಗೆ ಹತ್ತು ಸಾವಿರಕ್ಕೆ ರಾಜಿ ಪತ್ರ ಬರೆದುಕೊಟ್ಟು ಬಂದಿರುತ್ತಾರೆ.

ಸಂಬಳದ ಚೀಟಿ ಇಲ್ಲವೆಂಬುದು ಅಡ್ಡಿಯಲ್ಲ. ಕೂಲಿಯವರು ಆದಾಯದ ದಾಖಲೆ ಎಲ್ಲಿಂದ ತಂದಾರು ಎಂದು ಕರ್ನಾಟಕದ ಕೂಲಿ ಕಾರ್ಮಿಕರೊಬ್ಬರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಅವರು ಹೇಳಿದ ಆದಾಯವನ್ನು ಒಪ್ಪಿಕೊಂಡದ್ದಿದೆ. ಗೃಹಿಣಿಯ ದುಡಿಮೆಗೂ ಬೆಲೆಯುಂಟು. 2021ರ ತೀರ್ಪೊಂದು ಅದನ್ನು ಮತ್ತೆ ಒತ್ತಿ ಹೇಳಿದೆ. ಮನೆಯಲ್ಲೇ ಬೀಡಿ ಕಟ್ಟುವವರು, ಹೊಲಿಗೆ ಹಾಕುವವರು ತಮ್ಮ ಲೆಕ್ಕದ ಪುಸ್ತಕ, ಕಾರ್ಡು, ಹಣ ಬಂದ ಫೋನ್‌ಪೇ ಸಂದೇಶ ಏನಿದ್ದರೂ ಇಟ್ಟುಕೊಳ್ಳಲಿ. ಔಷಧದ ಅಂಗಡಿಯಲ್ಲಿ ಬಿಲ್ಲು ಬೇಡ ಎನ್ನಬೇಡಿ. ಫಿಸಿಯೋಥೆರಪಿಯನ್ನು ಅರ್ಧಕ್ಕೆ ಬಿಡಬೇಡಿ. ಕೈ ಬಿಗಿಯುವುದಷ್ಟೇ ಅಲ್ಲ, ಚಿಕಿತ್ಸೆ ತೆಗೆದುಕೊಳ್ಳದ್ದು ನಿಮ್ಮದೇ ತಪ್ಪು ಎಂದು ಎದುರಿನವರು ವಾದಿಸುತ್ತಾರೆ.

“ತಕ್ದೀರ್, ಏನು ಮಾಡೋಕಾಗುತ್ತೆ”

ಈ ಮಾತು ನಮ್ಮ ಮನೆಗಳಲ್ಲಿ ಕೇಳುವಂಥದ್ದು. ಅಲ್ಲಾಹನ ತೀರ್ಮಾನಕ್ಕೆ ತಲೆಬಾಗುವುದು ಈಮಾನಿನ ಭಾಗ. ಆದರೆ ಪರಿಹಾರ ಕೇಳುವುದು ಆ ತೀರ್ಮಾನದ ವಿರುದ್ಧ ದೂರು ಕೊಟ್ಟ ಹಾಗಲ್ಲ. ತಿಳಿಯದೆ ಆದ ಪ್ರಾಣಹಾನಿಗೂ ವಾರಸುದಾರರಿಗೆ ರಕ್ತಪರಿಹಾರ ಸಲ್ಲಬೇಕೆಂದು, ಅವರು ತಾವಾಗಿ ಬಿಟ್ಟುಕೊಟ್ಟರೆ ಬೇರೆ ಮಾತೆಂದು ಅನ್ನಿಸಾ ಅಧ್ಯಾಯದ 92ನೇ ಸೂಕ್ತ ವಿಧಿಸುತ್ತದೆ. ಬಿಟ್ಟುಕೊಡುವ ಅಧಿಕಾರ ನೊಂದವರದು. ಜಮಾಅತಿನ ಹಿರಿಯರದಲ್ಲ, ಆಟೋ ಮಾಲೀಕನ ಮಾವನದಲ್ಲ. ಗಂಡನನ್ನು ಕಳೆದುಕೊಂಡು ಇದ್ದತ್‌ನಲ್ಲಿ ಕೂತ ಹೆಣ್ಣುಮಗಳ ಪರವಾಗಿ ಹೊರಗೆ ನಾಲ್ಕು ಗಂಡಸರು ‘ಮುಗಿಸಿಬಿಟ್ಟೆವು’ ಎಂದು ಬರುವುದು ಯಾವ ನ್ಯಾಯ? ಇದ್ದತ್ ಮುಗಿಯುವವರೆಗೂ ಕಾಯಬೇಕಾದದ್ದೂ ಇಲ್ಲ. ವಕೀಲರು ಮನೆಗೆ ಬಂದು ಸಹಿ ಪಡೆದು ಅರ್ಜಿ ಹಾಕಬಹುದು.

ವಿಮೆಯ ಹಣ ಹಲಾಲೇ ಎಂಬ ಪ್ರಶ್ನೆ ಬರುತ್ತದೆ. ವಿಮೆಯ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಇಲ್ಲಿ ಪಾಲಿಸಿ ಮಾಡಿಸಿದವರು ನೀವಲ್ಲ. ನಿಮಗಾದ ಹಾನಿಯನ್ನು ತುಂಬಿಕೊಡುವ ಹೊಣೆ ಹಾನಿ ಮಾಡಿದವನದು, ಕಾನೂನು ಅದನ್ನು ಅವನ ವಿಮಾ ಕಂಪನಿಯಿಂದ ಕೊಡಿಸುತ್ತದೆ. ತೀರ್ಪಿನ ಮೊತ್ತದ ಮೇಲೆ ನ್ಯಾಯಮಂಡಳಿ ಬಡ್ಡಿಯನ್ನೂ ಸೇರಿಸುತ್ತದೆ. ವಿಧವೆಯರ, ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸುವುದೂ ಉಂಟು. ಆ ಬಡ್ಡಿಯ ಭಾಗವನ್ನು ಏನು ಮಾಡಬೇಕೆಂದು ನಿಮ್ಮ ಆಲಿಮರನ್ನು ಕೇಳಿ. ಬಡ್ಡಿಗೆ ಅಂಜಿ ಅಸಲನ್ನೇ ಬಿಡುವುದು ಬೇಡ. ಅವಲಂಬಿತರ ಪರಿಹಾರವನ್ನು ಯಾರು ಮೃತರ ದುಡಿಮೆಯನ್ನು ನೆಚ್ಚಿಕೊಂಡಿದ್ದರು ಎಂದು ನೋಡಿ ಹಂಚಲಾಗುತ್ತದೆ ಎಂಬುದನ್ನೂ ತಿಳಿದಿರಿ. ಅದು ಆಸ್ತಿಯ ವಾರಸುಪಾಲಿನ ಲೆಕ್ಕವಲ್ಲ.

ನೆರೆಯ ಆಟೋ ಹುಡುಗನ ಮೇಲೆ ಕೇಸಾಗುತ್ತದಲ್ಲ ಎಂಬ ಸಂಕೋಚ ಸುಳ್ಳಲ್ಲ. ಎಫ್‌ಐಆರ್ ಆದರೆ ಅಜಾಗರೂಕ ಚಾಲನೆಯ ಕ್ರಿಮಿನಲ್ ಕೇಸು ಅವನು ಎದುರಿಸಬೇಕಾಗುತ್ತದೆ. ಆದರೆ ವಿಮೆ ಸರಿಯಿದ್ದರೆ ಪರಿಹಾರದ ಹಣ ಅವನ ಜೇಬಿನಿಂದ ಹೋಗುವುದಿಲ್ಲ. ಎಫ್‌ಐಆರ್ ಇಲ್ಲದ ರಾಜಿಯಲ್ಲಿ ಮಾತ್ರ ಅವನೇ ಸಾಲ ಮಾಡಿ ಕೊಡಬೇಕು, ನಿಮಗೂ ಸಾಲದು.

ಅವನ ಬಗ್ಗೆಯೂ ಒಂದು ಮಾತು. ತನ್ನದೇ ತಪ್ಪಿನಿಂದ ಆಟೋ ಉರುಳಿಸಿಕೊಂಡ ಮಾಲೀಕ-ಚಾಲಕನಿಗೆ ಥರ್ಡ್ ಪಾರ್ಟಿ ವಿಮೆಯಲ್ಲಿ ಏನೂ ಸಿಗುವುದಿಲ್ಲ. ಅವನಿಗೆ ಇರುವುದು ಪಾಲಿಸಿಯ ಜೊತೆಗಿನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅದಕ್ಕೂ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಪಾಲಿಸಿ ನವೀಕರಿಸುವಾಗ ಕೆಲವು ನೂರು ಉಳಿಸಲು ಇದನ್ನು ಬಿಡಿಸುವ ಅಣ್ಣತಮ್ಮಂದಿರು ಪಾಲಿಸಿಯ ಕಾಗದವನ್ನು ಇವತ್ತೇ ತೆಗೆದು ನೋಡಲಿ.

ವಕೀಲರು ಮತ್ತು ಕಾಗದಗಳು

ಆಸ್ಪತ್ರೆಯ ಹಾಸಿಗೆಯ ಬಳಿಗೇ ಬಂದು ‘ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಎನ್ನುವವರಿಗೆ ಖಾಲಿ ಹಾಳೆಯಲ್ಲಿ, ಖಾಲಿ ಚೆಕ್ಕಿನಲ್ಲಿ ಸಹಿ ಮಾಡಬೇಡಿ. ಬರುವ ಹಣದಲ್ಲಿ ಪಾಲು ಎಂದು ಫೀಸು ಮಾತಾಡುವುದನ್ನು ವಕೀಲರ ಪರಿಷತ್ತಿನ ನಿಯಮವೇ ಒಪ್ಪುವುದಿಲ್ಲ. ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಗಂಡಸರಿಗೆ ಆದಾಯದ ಮಿತಿಯಿದೆ. ದಾವಣಗೆರೆಯ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ ನಿಜ, ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಚಿಕಿತ್ಸೆ ಪೂರ್ತಿ ಮುಗಿದು, ಊನ ಎಷ್ಟು ಉಳಿಯಿತು ಎಂದು ವೈದ್ಯರು ಹೇಳುವ ಮುಂಚೆ ಒಪ್ಪಬೇಡಿ.

ಕಡೆಗೆ, ನಮ್ಮಲ್ಲಿ ಮಾತ್ರ ಇಷ್ಟು ಹೆಚ್ಚಾಗಿ ಕಾಡುವ ಒಂದು ತೊಂದರೆ: ಹೆಸರು. ಆಧಾರ್‌ನಲ್ಲಿ ಶಾಹೀನಾ ಬಾನು, ರೇಷನ್ ಕಾರ್ಡಿನಲ್ಲಿ ಶಾಹಿನಬಿ, ನಿಕಾಹ್‌ನಾಮೆಯಲ್ಲಿ ಶಾಹೀನ್ ಬೇಗಂ, ಆಸ್ಪತ್ರೆಯ ಚೀಟಿಯಲ್ಲಿ ಜೊತೆಗಿದ್ದವರು ಹೇಳಿದ ಮನೆಯ ಹೆಸರು. ಇವರೆಲ್ಲ ಒಬ್ಬರೇ ಎಂದು ತೋರಿಸಲು ಪ್ರಮಾಣಪತ್ರ, ಸಾಕ್ಷಿ ಎಂದು ತಿಂಗಳುಗಳು ಹೋಗುತ್ತವೆ. ಆಸ್ಪತ್ರೆಗೆ ಸೇರಿಸುವಾಗ ಆಧಾರ್‌ನಲ್ಲಿದ್ದಂತೆಯೇ ಹೆಸರು ಬರೆಸಿ. ನಿಕಾಹ್‌ನಾಮೆಯ ಒಂದು ಪ್ರತಿ ಮನೆಯಲ್ಲಿರಲಿ. ಸಿಗದಿದ್ದರೆ ನಿಕಾಹ್ ನಡೆದ ಮಸೀದಿಯ ದಫ್ತರಿನಲ್ಲಿ ಕೇಳಿ ಪಡೆಯಿರಿ. ಮನೆಯವರ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕುಗಳನ್ನು ಒಟ್ಟಿಗೆ ಹರಡಿಕೊಂಡು ಒಂದು ಸಂಜೆ ಹೋಲಿಸಿ ನೋಡಿ, ಬೇರೆಬೇರೆಯಾಗಿದ್ದರೆ ಈಗಲೇ ತಿದ್ದಿಸಿ.